ಒಂಬತ್ತು ಗಂಟೆಯ ಬಾಗಿಲು

ಮೈಸೂರಿನಲ್ಲಿ ನಮ್ಮ ಮನೆತನದವರು ಮೂರು ತಲೆಮಾರಿನಿಂದ ಉಪಾಧ್ಯಾಯರು. ಸುಳ್ಳು ಹಾಜರಿ ಬರೆದವರು ಒಬ್ಬರೂ ಇಲ್ಲ. ನಾನಂತೂ ಕಾನ್ವೆಂಟಿನಲ್ಲಿ ಓದಿದವಳು.

ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರದ ತಪಾಸಣಾಧಿಕಾರಿ ಬಂದರು. ವಿದೇಶಿ ವಿದ್ಯಾರ್ಥಿಗಳ ಹಾಜರಿ ಸುಳ್ಳೆಂದಾದರೆ ಕಾಲೇಜಿನ ಪರವಾನಗಿಯೇ ಹೋಗುತ್ತದೆ.

"ವರ್ಷವಿಡೀ ಒಬ್ಬರೂ ತಡವಾಗಿ ಬಂದಿಲ್ಲವೇ? ಇದು ಒಂದೇ ದಿನ ಕೂತು ಬರೆದ ಪುಸ್ತಕ, ಮೇಡಂ," ಎಂದರು ನನ್ನ ಹಾಜರಿ ಪುಸ್ತಕ ತಿರುವುತ್ತ.

"ನಾಳೆ ಒಂಬತ್ತಕ್ಕೆ ಬಂದು ನೀವೇ ಎಣಿಸಿ. ಒಂಬತ್ತು ದಾಟಿದರೆ ಬಾಗಿಲು ಹಾಕುತ್ತೇನೆ, ಯಾರಿಗೂ ತೆಗೆಯುವುದಿಲ್ಲ."

ಮರುದಿನ ಒಂಬತ್ತಕ್ಕೆ ವಿದ್ಯಾರ್ಥಿಗಳೆಲ್ಲ ಕೂತಿದ್ದರು. ಬಾಗಿಲು ಹಾಕಿದೆ. ಏಳು ನಿಮಿಷದ ಮೇಲೆ ಅಧಿಕಾರಿ ಬಾಗಿಲು ಬಡಿದರು. "ಪಾರ್ಕಿಂಗ್ ಸಿಗಲಿಲ್ಲ, ತೆಗೀರಿ ಮೇಡಂ!"

"ಪಾಪ, ತೆಗೀಲಾ ಆಂಟಿ?" ಎಂದಳು ಹಾಸನದ ವಿದ್ಯಾರ್ಥಿನಿ.

"ಕೂತ್ಕೋ. ತರಗತಿಯಲ್ಲಿ ನಾನು ಆಂಟಿಯಲ್ಲ."

ಅಧಿಕಾರಿಯ ವರದಿಯಲ್ಲಿ 'ತಪಾಸಣೆಗೆ ಅಡ್ಡಿ' ಎಂದಿದೆ. ಪ್ರಾಂಶುಪಾಲರು ನನ್ನಿಂದ ಕ್ಷಮಾಪಣೆ ಪತ್ರ ಕೇಳಿದ್ದಾರೆ. ತಡವಾಗಿ ಬಂದವರು ಅಧಿಕಾರಿ. ಕ್ಷಮೆಯನ್ನು ಅವರೇ ಕೇಳಬೇಕು, ಲಿಖಿತವಾಗಿ.