ಕೆಳಗಿನಿಂದ ಒಂದು ಗೇಣು

ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ ಒಂದು ಖಾಲಿ ಗೋಡೆ ಇದೆ. ಸೊಲ್ಲಾಪುರ ರಸ್ತೆಯಿಂದ ಒಳಗೆ ಎರಡನೇ ತಿರುವಿನಲ್ಲಿರುವ ಈ ಮನೆಗೆ ನಾವು ಬಂದು ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ಆ ಗೋಡೆಯ ಬಗ್ಗೆ ಆದಷ್ಟು ಚರ್ಚೆ ಬೇರೆ ಯಾವುದರ ಬಗ್ಗೆಯೂ ಆಗಿಲ್ಲ.

ನಾನು ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಉಪಸಂಪಾದಕ. ವಾರದ ರಜೆಯನ್ನು ಹೇಗೋ ಹೊಂದಿಸಿ ಭಾನುವಾರಕ್ಕೆ ತಂದುಕೊಂಡಿದ್ದೇನೆ. ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ, ಮಗಳು ಒಂಬತ್ತನೇ ತರಗತಿ. ಮೂವರೂ ಒಟ್ಟಿಗೆ ಮನೆಯಲ್ಲಿರುವುದು ಅದೊಂದೇ ದಿನ. ಬೆಳಿಗ್ಗೆ ಚುರುಮುರಿ ನೆನೆಸಿ ಸೂಸಲ ಮಾಡುತ್ತೇವೆ. ಮೆಣಸಿನಕಾಯಿ ಬಜಿ ತರುವ ಕೆಲಸ ನನ್ನದು. ತಟ್ಟೆ ಹಿಡಿದು ಮೂವರೂ ನೆಲದ ಮೇಲೆ ಕುಳಿತರೆ ಕಣ್ಣು ತಾನಾಗಿ ಗೋಡೆಯ ಕಡೆ ಹೋಗುತ್ತದೆ. ಮಗಳಿಗೆ ಅದು ಕಡುಹಸಿರು ಆಗಬೇಕು, ಮೇಲೆ ಸಣ್ಣ ದೀಪದ ಸರ ಇಳಿಬಿಡಬೇಕು. ನನಗೆ ಪುಸ್ತಕದ ಕಪಾಟು ಬೇಕು. ಹೆಂಡತಿ ಎರಡನ್ನೂ ಕೇಳಿ, "ನೋಡೂಣು" ಎನ್ನುತ್ತಾಳೆ. ಅವಳ ಶಾಲೆಯ ಮಕ್ಕಳಿಗೆ ಗೊತ್ತಿರುವಂತೆ ನಮಗೂ ಗೊತ್ತು, ಅದರರ್ಥ ಆಗುವುದಿಲ್ಲ ಎಂದು. ಬಣ್ಣದ ಅಂಗಡಿಯಿಂದ ತಂದ ಬಣ್ಣದ ಪಟ್ಟಿ ಮಡಿಕೆಗಳಲ್ಲಿ ಹರಿದುಹೋಯಿತು. ಗೋಡೆ ಹಾಗೆಯೇ ಉಳಿಯಿತು. ನಿಜ ಹೇಳಬೇಕೆಂದರೆ, ಆ ಮಾತು ಮುಗಿಯಬಾರದೆಂಬ ಆಸೆಯೂ ನಮಗೆ ಒಳಗೊಳಗೆ ಇದ್ದಿರಬೇಕು.

ಈ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ ತಿಕೋಟಾಕ್ಕೆ ಹೋದೆವು. ಅದು ಹೆಂಡತಿಯ ತವರು. ಅವಳ ತಮ್ಮನಿಗೆ ದ್ರಾಕ್ಷಿ ತೋಟವಿದೆ. ಹಣ್ಣು ಒಣಗಿಸುವ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರಡಿತ್ತು. ಅರ್ಧ ಒಣಗಿದ ಹಣ್ಣನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ ಮಗಳು ಒಳಗೆಲ್ಲ ಸುತ್ತಿದಳು. ಹೆಂಡತಿ ಮಾತ್ರ ಒಂದು ಮೂಲೆಯಲ್ಲಿ ನಿಂತುಬಿಟ್ಟಳು. ಅಲ್ಲಿ ಖಾಲಿ ಕ್ರೇಟುಗಳ ಕೆಳಗೆ ಒಂದು ಕೌದಿ ಹಾಸಿತ್ತು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿಯುವ ಹೊದಿಕೆ ಅದು. ಹೊಲಿದವಳು ಅವಳ ತಾಯಿ.

"ಯವ್ವಾ, ಇದನ್ನ ಇಲ್ಲಿ ಯಾಕ ಹಾಸೀರಿ?" ಎಂದು ಅವಳು ಕೇಳಿದಳು.

ನನ್ನ ಅತ್ತೆ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. "ಮತ್ತೆಲ್ಲಿ ಹಾಸ್ತಿ ಬೇ? ಮನ್ಯಾಗ ಎಲ್ಲಾರಿಗೂ ಬ್ಲ್ಯಾಂಕೆಟ್ ಬಂದಾವ, ಮೆತ್ತನ್ನವು. ಇದು ಭಾರ. ಕ್ರೇಟಿಗರ ಆಕ್ಕೈತಿ."

"ನೀ ಎರಡ ತಿಂಗಳ ಕುಂತ ಹೊಲದದ್ದ ಇದು."

"ಆವಾಗ ಕಣ್ಣಿದ್ದೂ, ಹೊಲದೆ. ಈಗ ಕಣ್ಣೂ ಇಲ್ಲ, ಹೊಚ್ಚಕೊಳ್ಳಾವ್ರೂ ಇಲ್ಲ. ತೂಕ ಬರಾಬರಿ ಆತು."

ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದಕ್ಕೆ ಮಳೆಗಾಲ ಬರಲೆಂದು ವೈದ್ಯರು ಹೇಳಿದ್ದರು. ಸೂಜಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಅತ್ತೆ ಆ ಮಾತನ್ನು ನಗುತ್ತಲೇ ಹೇಳಿದರು, ಹೆಂಡತಿ ನಗಲಿಲ್ಲ. ಬಸ್ಸಿನಲ್ಲಿ ವಿಜಯಪುರಕ್ಕೆ ವಾಪಸು ಬರುವಾಗ ದಾರಿ ಪೂರ್ತಿ ಕಿಟಕಿಯ ಹೊರಗೇ ನೋಡಿದಳು. ಮನೆಯ ಬೀಗ ತೆಗೆದವಳೇ ಗೋಡೆಯ ಎದುರು ನಿಂತು ಹೇಳಿದಳು:

"ಇಲ್ಲಿ ನಮ್ಮ ಲಗ್ನದ ಕೌದಿ ಬರ್ತದ. ಫ್ರೇಮ್ ಹಾಕಸ್ರಿ. ಅವ್ವ ಬಂದ ನೋಡಬೇಕು. ಅಕಿ ಹೊಲದದ್ದು ಕ್ರೇಟಿನ ಕೆಳಗಲ್ಲ, ಗ್ವಾಡಿ ಮ್ಯಾಲ ಐತಿ ಅಂತ ತಿಳೀಬೇಕು ಅಕಿಗೆ."

ಆರು ವರ್ಷದ ಚರ್ಚೆ ಹೀಗೆ ಒಂದು ನಿಮಿಷದಲ್ಲಿ ಮುಗಿಯಿತು. ಮಗಳೂ ತಕರಾರು ಮಾಡಲಿಲ್ಲ. ಕೌದಿಯನ್ನು ಗೋಡೆಗೆ ಹಾಕಿದ ಮನೆಗಳ ಚಿತ್ರಗಳನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳಂತೆ.

ಲಗ್ನದ ಕೌದಿ ಟ್ರಂಕಿನಲ್ಲಿತ್ತು. ನಮ್ಮ ಮದುವೆಯ ಮುಂಚೆ ಅತ್ತೆ ಹೊಲಿದು ಕೊಟ್ಟದ್ದು. ನಡುವೆ ಹಳದಿ, ಕೆಂಪು ಚೌಕಗಳು, ಸುತ್ತ ನೀಲಿ, ಒಂದು ತುದಿಯಲ್ಲಿ ಮಾತ್ರ ಮಾಸಿದ ಕಂದು ಬಣ್ಣದ ಒಂದು ಪಟ್ಟಿ. ಹೆಂಡತಿ ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಮಡಚಿ ನನ್ನ ಕೈಗೆ ಕೊಟ್ಟಳು. ಮುಂದಿನ ಭಾನುವಾರ ತಾಯಿಗೆ ಬರಲು ಹೇಳಿದಳು.

ಫ್ರೇಮಿನ ಅಂಗಡಿ ನಮ್ಮ ರಸ್ತೆಯಲ್ಲೇ ಇದೆ. ಬುಧವಾರ ಕಚೇರಿಗೆ ಹೋಗುವ ಮುಂಚೆ ಅಲ್ಲಿಗೆ ಹೋದೆ. ಅಂಗಡಿಯವರು ಕೌದಿಯನ್ನು ಮೇಜಿನ ಮೇಲೆ ಹರವಿ ಟೇಪು ಹಿಡಿದರು. ನಾನು ಗೋಡೆಯ ಅಳತೆ ಬರೆದುಕೊಂಡು ಹೋಗಿದ್ದೆ. ಮೇಲೆ ಸಜ್ಜಾ, ಕೆಳಗೆ ದಿವಾನ. ನಡುವಿನ ಜಾಗಕ್ಕಿಂತ ಕೌದಿ ಒಂದು ಗೇಣು ಉದ್ದವಾಗಿತ್ತು.

"ಹಿಂದಕ್ಕ ಮಡಚಿಬಿಡ್ರಿ" ಎಂದೆ.

"ಮಡಚಿದ್ರ ದಪ್ಪ ಆಕ್ಕೈತ್ರಿ ಸರ್. ಗಾಜು ಕೂಡೂದಿಲ್ಲ, ಒಡೀತೈತಿ."

"ಹಂಗಾರ ಕೆಳಗಿನಿಂದ ಒಂದ ಗೇಣು ತಗೀರಿ."

ಅವರು ಟೇಪು ಸುತ್ತಿಟ್ಟು ನನ್ನ ಮುಖ ನೋಡಿದರು. "ಮನ್ಯಾಗ ಒಂದ ಮಾತ ಕೇಳ್ರಲ್ಲ. ಕೈಲೆ ಹೊಲದದ್ದು ಐತಿ."

"ಕೇಳೂದೇನೈತ್ರಿ. ಹಾಕ್ರಿ ಕತ್ತರಿ."

ಇದನ್ನು ನಾನು ಯಾಕೆ ಇಷ್ಟು ಸಲೀಸಾಗಿ ಹೇಳಿದೆ ಎಂದು ಆಮೇಲೆ ಯೋಚಿಸಿದ್ದೇನೆ. ಇಪ್ಪತ್ತು ವರ್ಷದಿಂದ ನನ್ನ ಕೆಲಸವೇ ಅದು. ಸುದ್ದಿ ಜಾಗಕ್ಕಿಂತ ದೊಡ್ಡದಾದರೆ ಕೆಳಗಿನಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೇಲಿರುತ್ತದೆ, ಕೊನೆಯ ಸಾಲುಗಳು ಹೋದರೆ ಯಾರಿಗೂ ನಷ್ಟವಿಲ್ಲ ಎಂದು ಹೊಸಬರಿಗೆ ನಾನೇ ಕಲಿಸಿದ್ದೇನೆ. ಕೌದಿಗೆ ಮೇಲು ಕೆಳಗು ಇರುವುದಿಲ್ಲ. ಆ ಕಂದು ಪಟ್ಟಿ ಮಾಸಿ, ಉಳಿದ ಬಣ್ಣಗಳ ಜೊತೆ ಹೊಂದದೆ ಕಾಣುತ್ತಿತ್ತು. ಹಾಗಾಗಿ ಅದೇ ಕೆಳಗು ಎಂದು ನಾನು ತೀರ್ಮಾನಿಸಿದೆ. ಪಕ್ಕದ ದರ್ಜಿ ಕತ್ತರಿಸಿ, ಅಂಚಿಗೆ ಮಷಿನ್ ಹೊಲಿಗೆ ಹಾಕಿಕೊಟ್ಟರು. ಉಳಿದ ಪಟ್ಟಿಯನ್ನು ಮನೆಗೆ ತಂದು ಮೇಜಿನ ಖಾನೆಯಲ್ಲಿಟ್ಟೆ. ತೆಗೆದ ಸಾಲುಗಳನ್ನು ಮರುದಿನ ಪತ್ರಿಕೆ ಬರುವವರೆಗೆ ಎಸೆಯಬಾರದೆಂಬುದೂ ನಮ್ಮಲ್ಲಿನ ಒಂದು ರೂಢಿ.

ಶನಿವಾರ ಫ್ರೇಮು ಗೋಡೆಗೆ ಏರಿತು. ಹೆಂಡತಿ ದಿವಾನದ ಮೇಲಿನ ಚಾದರ ಬದಲಿಸಿದಳು, ಟಿವಿಯ ಮೇಲಿದ್ದ ಪ್ಲಾಸ್ಟಿಕ್ ಹೂವು ತೆಗೆದು ಒಳಗಿಟ್ಟಳು. ಎರಡು ಸಲ ಹೊರಗೆ ಹೋಗಿ, ಬರುವವರ ಕಣ್ಣಿಗೆ ಹೇಗೆ ಕಾಣುತ್ತದೆಂದು ಬಾಗಿಲಿನಿಂದ ಒಳಗೆ ಬಂದು ನೋಡಿದಳು. "ಸರಿ ಕುಂತದ ಅಲ್ಲ?" ಎಂದು ಕೇಳಿದಳು. "ಅಳತಿಗೆ ಬರಾಬರಿ ಕುಂತದ" ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳಬೇಕಾದದ್ದೂ ಅದರಲ್ಲಿರಲಿಲ್ಲ.

ಭಾನುವಾರ ಹತ್ತರ ಹೊತ್ತಿಗೆ ಅತ್ತೆ ತಿಕೋಟಾ ಬಸ್ಸಿನಿಂದ ಇಳಿದರು. ಕೈಯಲ್ಲಿ ಒಣದ್ರಾಕ್ಷಿಯ ಚೀಲ, ಕಣ್ಣಿಗೆ ದಪ್ಪ ಕನ್ನಡಕ. ಒಳಗೆ ಬಂದು, ಮೊಮ್ಮಗಳು ತೋರಿಸಿದ ಕಡೆ ತಿರುಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಹೆಂಡತಿ ಕೈ ಒರೆಸುವ ನೆಪದಲ್ಲಿ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಚಂದ ಆಗೇತಿ" ಎಂದರು ಅತ್ತೆ. ಹೆಂಡತಿಯ ಮುಖ ಅರಳಿತು. ಅತ್ತೆ ಹತ್ತಿರ ಹೋಗಿ ಮುಟ್ಟಿದರು. ಬೆರಳು ಗಾಜಿಗೆ ತಾಗಿತು. "ಇದಕ್ಕೂ ಕನ್ನಡಕ ಹಾಕೀರ್ಯಾ ನನ್ನಂಗ?" ಎಂದಾಗ ಮಗಳು ಜೋರಾಗಿ ನಕ್ಕಳು.

ಆಮೇಲೆ ಅವರು ಗಾಜಿನ ಮೇಲೆಯೇ ಗೇಣು ಹಾಕತೊಡಗಿದರು. ಹೆಬ್ಬೆರಳು, ಕಿರುಬೆರಳು, ಮತ್ತೆ ಹೆಬ್ಬೆರಳು. ಕೆಳಗಿನ ಅಂಚಿಗೆ ಬಂದು ಕೈ ನಿಂತಿತು. ಮತ್ತೊಮ್ಮೆ ಮೇಲಿನಿಂದ ಅಳೆದರು. ಬಳಿಕ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ನಿಮ್ಮವ್ವ ಎಲ್ಲಿ ಹ್ವಾದ್ರು?"

ನನ್ನ ತಾಯಿ ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ. ವಯಸ್ಸಿನಿಂದ ಅತ್ತೆಗೆ ಮರೆವು ಬಂತೇನೋ ಎಂದು ಒಂದು ಕ್ಷಣ ಗಾಬರಿಯಾಯಿತು. ಮರೆವು ಅವರದಾಗಿರಲಿಲ್ಲ. ಅವರೇ ಬಿಡಿಸಿ ಹೇಳಿದರು.

ಮದುವೆ ಗಟ್ಟಿಯಾದ ಮೇಲೆ ಅವರು ನಮ್ಮೂರು ಬಬಲೇಶ್ವರಕ್ಕೆ ಹೋಗಿ ನನ್ನ ತಾಯಿಯಿಂದ ಒಂದು ಸೀರೆ ಕೇಳಿ ತಂದಿದ್ದರು. ಲಗ್ನದ ಕೌದಿಯಲ್ಲಿ ಎರಡೂ ಮನೆಯ ಅರಿವೆ ಇರಬೇಕೆಂಬುದು ಅವರ ಮನೆಯ ಪದ್ಧತಿ. ಹೊಸದಲ್ಲ, ಉಟ್ಟು ಮೆತ್ತಗಾದದ್ದೇ ಬೇಕು. ಕೌದಿಯನ್ನು ಅಂಚಿನಿಂದ ಹೊಲಿಯಲು ಶುರುಮಾಡುತ್ತಾರೆ. ಬೀಗತಿಗೆ ಮೊದಲ ಮಣೆ ಕೊಡುವಂತೆ ಮೊದಲ ಪಟ್ಟಿಯೂ ಬೀಗತಿಯ ಸೀರೆಯದೇ. ಆ ಕಂದು ಪಟ್ಟಿ ನನ್ನ ತಾಯಿ ದಿನಾ ಉಡುತ್ತಿದ್ದ ಸೀರೆ. ಒಲೆಯ ಮುಂದೆ, ಹೊಲದಲ್ಲಿ, ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಾಗ, ಎಲ್ಲ ಕಡೆ ನಾನು ಅದನ್ನು ನೋಡಿದ್ದೆ. ಕತ್ತರಿಸುವಾಗ ಮಾತ್ರ ಗುರುತು ಸಿಗಲಿಲ್ಲ. ಯಾರು ಏನು ಧರಿಸಿದ್ದರು, ಎಲ್ಲಿ ನಿಂತಿದ್ದರು ಎಂದು ವರದಿಗಾರರನ್ನು ಕಾಡಿಸಿ ಕೇಳುವವನು ನಾನು.

"ಕತ್ತರಸಿದ್ರ್ಯಾ?" ಎಂದಳು ಹೆಂಡತಿ. ನಾನು ಹೌದೆಂದೆ. ಅವಳು ಅಡುಗೆಮನೆಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಎಂದಿಗಿಂತ ಜೋರಾಗಿ. ತಾಯಿಗೆ ಅವಳು ಮಾಡಬೇಕೆಂದಿದ್ದ ಮರ್ಯಾದೆಯನ್ನು ನಾನು ಅವಳ ಕೈಯಿಂದಲೇ ಅವಮಾನವಾಗಿ ಕೊಡಿಸಿದ್ದೆ.

ಅತ್ತೆ ದಿವಾನದ ಮೇಲೆ ಕುಳಿತು ಅಡುಗೆಮನೆಗೆ ಕೇಳುವಂತೆ ಹೇಳಿದರು: "ರೊಟ್ಟಿ ಏನ್ ಮಾಡೇತಿ ಬೇ, ಅದನ್ಯಾಕ ಹೊಡೀತಿ? ಪೇಪರಿನ್ಯಾಗ ಮಂದೀದ ಕತ್ತರಿಸಿ ಕತ್ತರಿಸಿ ಕೈಗೆ ರೂಢಿ ಬಿದ್ದೈತಿ ಪಾಪ. ಇವತ್ತ ಕೌದಿ, ನಾಳೆ ನಿನ್ನ ಜಡಿ. ಜ್ವಾಕಿ."

ಮಗಳು ನಕ್ಕಳು. ಒಳಗಿನ ಸದ್ದು ಸ್ವಲ್ಪ ಇಳಿಯಿತು. ನಾನು ಖಾನೆ ತೆಗೆದು ಪಟ್ಟಿಯನ್ನು ತಂದು ಅತ್ತೆಯ ಮುಂದಿಟ್ಟೆ. ಅವರು ಅದನ್ನು ತೊಡೆಯ ಮೇಲೆ ಹರವಿ ಕೈಯಾಡಿಸಿದರು.

"ಇಟ್ಟೀರಿ?"

"ಇಟ್ಟೇನ್ರಿ ಅತ್ತಿ."

"ಹಂಗಾರ ಇಳಸ್ರಿ ಅದನ್ನ."

ಫ್ರೇಮು ಇಳಿಸಿದೆವು. ಹಿಂದಿನ ಮೊಳೆಗಳನ್ನು ನಾನು ಒಂದೊಂದಾಗಿ ಕಿತ್ತೆ. ಊಟವಾದ ಮೇಲೆ ಕೌದಿಯನ್ನು ಪಡಸಾಲೆಯ ನೆಲದ ಮೇಲೆ ಹಾಸಿ ಮೂವರೂ ಹೆಂಗಸರು ಸುತ್ತ ಕುಳಿತರು. ಮಷಿನ್ ಹೊಲಿಗೆಯನ್ನು ಬಿಚ್ಚುವಾಗ ಅತ್ತೆ, "ಇದೇನ್ ಹೊಲಗಿ, ಇರುವಿ ನಡದಂಗ" ಎಂದು ಬೈದರು. ಮಗಳು ಸೂಜಿಗೆ ದಾರ ಪೋಣಿಸಿದಳು. ಹೊಲಿಯಬೇಕಾದವಳು ಹೆಂಡತಿ. ಅವಳ ಮೊದಲ ಸಾಲು ಸೊಟ್ಟಗೆ ಹೋಯಿತು. ಅತ್ತೆ ನೋಡಲಿಲ್ಲ, ಬೆರಳಿನಿಂದ ಸವರಿ ಕಂಡುಹಿಡಿದರು.

"ಸಾಲಿ ಮಕ್ಕಳಿಗೆ ಗೆರಿ ನೆಟ್ಟಗ ಹಾಕ್ರಿ ಅಂತಿ. ನಿಂದ ನೋಡ. ಬಿಚ್ಚ."

"ಕಲಸಿದ್ರ ಬರ್ತಿತ್ತು, ಯವ್ವಾ."

"ನೀ ಕಲೀತೀನಿ ಅಂದಿದ್ರ ಕಲಸ್ತಿದ್ದೆ."

ಕೂಡಿಸಿದ್ದು ಕಾಣದಿರಲಿ ಎಂದು ಹೆಂಡತಿ ನೀಲಿ ದಾರ ತೆಗೆದಿದ್ದಳು. ಅತ್ತೆ ಬೇಡವೆಂದರು. "ಮುಚ್ಚೂದೇನೈತಿ? ಕೆಂಪ ದಾರ ಹಾಕು. ಹರದದ್ದೂ ಕಾಣ್ಲಿ, ಕೂಡಸಿದ್ದೂ ಕಾಣ್ಲಿ." ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ಇಲ್ಲಿ ಅದು ಅಗಲಕ್ಕೂ ಕೆಂಪಾಗಿ ಬರುತ್ತಿತ್ತು.

ಆ ಕೆಲಸ ಮೂರು ಭಾನುವಾರ ಹಿಡಿಯಿತು. ಪ್ರತಿ ಸಲ ಅತ್ತೆ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಸೂಸಲ, ಬಜಿ, ಆಮೇಲೆ ಸೂಜಿ. ಗೋಡೆಯ ಮಾತು ಯಾರೂ ಎತ್ತಲಿಲ್ಲ. ನಾನು ಚಹಾ ಮಾಡಿದೆ, ಬೇಡವಾದ ಸಲಹೆ ಕೊಟ್ಟು ಬೈಸಿಕೊಂಡೆ. ಮೂರನೆಯ ಭಾನುವಾರ ಕೊನೆಯ ನಾಲ್ಕು ಬೆರಳಿನಷ್ಟು ಜಾಗ ಉಳಿದಾಗ ಅತ್ತೆ ಜೋಳದ ರೊಟ್ಟಿಯ ಒಂದು ಚೂರು ತರಿಸಿ ಪದರದ ಒಳಗಿಟ್ಟರು. ಕೌದಿಯ ಹೊಟ್ಟೆ ಖಾಲಿ ಬಿಟ್ಟು ಮುಚ್ಚಬಾರದು. ಮೊದಲ ಸಲ ಹೊಲಿದಾಗಲೂ ನಡುವೆ ಇಟ್ಟಿದ್ದರಂತೆ.

"ಇರುವಿ ಬರ್ತಾವ, ಆಯಿ" ಎಂದಳು ಮಗಳು.

"ಬರ್ಲಿ. ಅವಕ್ಕೂ ಹೊಟ್ಟಿ ಐತಿ."

ಹೆಂಡತಿ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಫ್ರೇಮನ್ನು ಎತ್ತಿ ತರಲು ನಾನು ಎದ್ದೆ. ಅವಳು ತಲೆಯಾಡಿಸಿ ಬೇಡವೆಂದಳು. ಅತ್ತೆ ಆಗಲೇ ಕೌದಿಯ ಮೇಲೆ ಅಡ್ಡಾಗಿದ್ದರು, ಕೆಂಪು ಹೊಲಿಗೆಯ ಮೇಲೆ ಒಂದು ಕೈ ಇಟ್ಟು. ನಾವು ಫ್ಯಾನು ಜೋರು ಮಾಡಿದೆವು. ಅರ್ಧ ಗಂಟೆ ಗಾಢವಾಗಿ ನಿದ್ದೆ ಮಾಡಿದರು. ಅಷ್ಟೂ ಹೊತ್ತು ಹೆಂಡತಿ ದಿವಾನದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಆ ಖಾಲಿ ಗೋಡೆಗೆ.

ಎದ್ದ ಮೇಲೆ ಅತ್ತೆ ಚಹಾ ಕುಡಿದು ಮೊಮ್ಮಗಳನ್ನು ಕೇಳಿದರು: "ನಿನ್ನ ಹಳೇ ಫ್ರಾಕ್ ಅದಾವೇನ? ನನಗ ಕಣ್ಣಿಲ್ಲ, ನಿಮ್ಮಿಬ್ಬರಿಗೆ ಅದಾವ. ಬೆರಳ ನನ್ನವು. ಒಂದ ಹೊಲಿಯೂಣು." ಹೆಂಡತಿ ಎದ್ದು ಹೋಗಿ ಟ್ರಂಕು ತೆಗೆದಳು. ಅವಳು ಬೆನ್ನು ತಿರುಗಿಸಿಕೊಂಡೇ ಇದ್ದಳು. ಅವಳ ಮುಖ ನನಗೆ ಕಾಣಲಿಲ್ಲ.

"ನಿಮ್ಮದೊಂದು ಅಂಗಿ ಕೊಡ್ರಿ, ಅಳಿಯಂದ್ರ" ಎಂದರು ಅತ್ತೆ. ಕೊರಳಪಟ್ಟಿ ಸವೆದ ಒಂದು ಬಿಳಿ ಅಂಗಿ ತಂದೆ. ಕತ್ತರಿಯನ್ನೂ ತಂದೆ. ಈ ಸಲ ಕೇಳಿದೆ: "ಯಾವ ಕಡೆಯಿಂದ ಕತ್ತರಸ್ಲಿರಿ?"

"ಕತ್ತರಿ ಅಲ್ಲಿಡ್ರಿ. ಕೌದಿ ಅರಿವಿ ಕೈಲೆ ಹರೀಬೇಕು. ಅದರ ಎಳಿ ಎಲ್ಲಿ ಹೋಗಂತೈತಿ ಅಲ್ಲೇ ಹೋಗತೈತಿ. ಆ ಚುಂಗ ಹಿಡೀರಿ."

ನಾನು ಅಂಗಿಯ ತುದಿಯ ಒಂದು ಚುಂಗು ಹಿಡಿದೆ, ಅವರು ಇನ್ನೊಂದು. ಅತ್ತೆ ಹಲ್ಲಿನಿಂದ ಸ್ವಲ್ಪ ಸೀಳಿ ಎಳೆದರು. ಅಂಗಿ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಹರಿದು ಬಂತು.