ಅಜ್ಜಿ ಯಾರ ಮಗಳು?

ನಾನು ನಿಂತದ್ದು ಹಸಾಜಿಯವರ ಮನೆಯ ಹೊಸ್ತಿಲ ಒಳಗೆ, ಬಲಗಡೆ, ಚಪ್ಪಲಿಗಳ ಪಕ್ಕ. ಪುಣೆಯ ರಾಸ್ತಾ ಪೇಠ. ಯುದ್ಧ ನಡೆದಿತ್ತು, ಸಕ್ಕರೆ ರೇಷನ್ನಿನಲ್ಲಿತ್ತು. ಒಂದು ರವಿವಾರದ ಬೆಳಿಗ್ಗೆ.

ಹಸಾಜಿ ನನ್ನ ಆಫೀಸಿನವರು. ಬೆನೆ ಇಸ್ರಾಯೇಲರು, ಅಂದರೆ ಮನೆಯಲ್ಲಿ ಮರಾಠಿ ಆಡುವ ಯಹೂದ್ಯರು. ಅಂದು ಮಗಳು ರಿಬ್ಕಾಳ ಸಾಖರಪುಡಾ. ನಾವು ನಿಶ್ಚಯ ಅನ್ನುತ್ತೇವಲ್ಲ, ಅದು. ಹುಡುಗನ ಕಡೆಯವರು ಸಕ್ಕರೆ ಪೊಟ್ಟಣ ಹುಡುಗಿಯ ಕೈಗಿಟ್ಟರೆ ಮಾತು ಪಕ್ಕಾ.

ಹುಡುಗನ ಕಾಕಾ ಮುಂಬೈಯವರು. ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಹೋದರು. ಅಪ್ಪ ಯಾರು? ಅವರಪ್ಪ? ಹಸಾಜಿ ತಡವರಿಸದೆ ಹೇಳಿದರು. ಅವರ ಧರ್ಮಗ್ರಂಥದಲ್ಲೂ ಹೀಗೇ ಅಂತೆ: ಇವನ ಮಗ ಅವನು, ಅವನ ಮಗ ಇನ್ನೊಬ್ಬ, ಪುಟಗಟ್ಟಲೆ. ಹಿಂದೆ ಪರದೇಶದ ಸೆರೆಯಿಂದ ಊರಿಗೆ ಮರಳಿದ ಕೆಲವರು ವಂಶಾವಳಿಯಲ್ಲಿ ಹೆಸರು ಸಿಗದೆ ಪೌರೋಹಿತ್ಯವನ್ನೇ ಕಳೆದುಕೊಂಡರಂತೆ. (ನಮ್ಮ ಗೋತ್ರ, ಪ್ರವರ ಇದಕ್ಕಿಂತ ಮೆತ್ತಗೆ ಎಂದು ನಾನೇನೂ ಹೇಳುವುದಿಲ್ಲ.)

“ಹುಡುಗಿಯ ಅಜ್ಜಿ?” ಕಾಕಾ ಕೇಳಿದರು. “ಅವರು ಯಾರ ಮಗಳು?”

ಹಸಾಜಿ ತಾಯಿಯ ಕಡೆ ನೋಡಿದರು. ಕಾಕಾ ನನ್ನ ಕಡೆ ತಿರುಗಿದರು. “ಏನ್ರಿ ರಾವ್‌ಸಾಹೇಬ್ರ, ಇಂಥದ್ದು ಗೊತ್ತಿಲ್ಲಂದ್ರ ನಿಮ್ಮಲ್ಲಿ ಏನ್ ಮಾಡ್ತೀರಿ?” (ಮಾತೆಲ್ಲ ಮರಾಠಿ. ಕನ್ನಡ ನನ್ನದು.)

“ಗೋತ್ರ ಗೊತ್ತಿಲ್ಲದಿದ್ರ ಕಾಶ್ಯಪ ಅಂತ ಹೇಳಿ ಮುಗಿಸ್ತೀವ್ರಿ,” ಅಂದೆ. ಕಾಕಾ ಒಬ್ಬರೇ ನಕ್ಕರು.

ಹಸಾಜಿಯ ತಾಯಿ ಸಾರಾ ಆಜಿ ಮೂಲೆಯಲ್ಲಿ ಕೊಬ್ಬರಿ ತುರಿಯುತ್ತಿದ್ದರು. ಕೈ ನಿಲ್ಲಿಸಿದರು.

“ಅದು ಗೊತ್ತಿಲ್ಲದವರಿಗೆ. ನನಗ ಗೊತ್ತದ. ನನ್ನ ಹೆಸರು ಕಾಶಿ. ಅಪ್ಪ ಕೊಂಕಣದಾಗ ಮೀನು ಹಿಡೀತಿದ್ದ. ಲಗ್ನಕ್ಕ ಮೊದಲ ಈ ಧರ್ಮಕ್ಕ ಬಂದು ಸಾರಾ ಆದೆ.”

ಕಾಕಾ ಪೊಟ್ಟಣ ಎತ್ತಿಕೊಂಡರು.

“ದಾದಾ, ನಮ್ಮ ಗ್ರಂಥದಾಗಿನ ದಾವೀದ ರಾಜನ ಮುತ್ತಜ್ಜಿ ಎಲ್ಲಿಯಾಕಿ?” ಆಜಿ ಕೇಳಿದರು. “ ಮೋವಾಬದಾಕಿ, ಹೊರಗಿನಾಕಿ. ರಾಜಗ ನಡೀತು. ನಿಮ್ಮ ಹುಡುಗ ಅವಗಿಂತ ದೊಡ್ಡವನೇನು?”

ಆ ಕತೆಯನ್ನು ಆಮೇಲೆ ಹಸಾಜಿಯಿಂದ ಹೇಳಿಸಿಕೊಂಡೆ. ಹೊರಗಿನಿಂದ ಬಂದ ಹೆಣ್ಣಿನ ಕತೆಯನ್ನು ಪೂರ್ತಿ ಹೇಳಿ, ಕೊನೆಗೆ ರಾಜನ ವಂಶಾವಳಿ ಬರೆದಿದ್ದಾರೆ. ಅದೇ ಗ್ರಂಥದಲ್ಲಿ. ಹಾಗಾದರೆ ವಂಶಾವಳಿ ಇರುವುದು ಬಾಗಿಲು ಹಾಕಲಿಕ್ಕೋ, ಒಳಗೆ ಬಂದವರು ಯಾರು ಎಂದು ನೆನಪಿಡಲಿಕ್ಕೋ? ನನಗೆ ಇನ್ನೂ ತೀರ್ಮಾನವಾಗಿಲ್ಲ. ಕಂಡದ್ದಷ್ಟನ್ನು ಹೇಳುತ್ತೇನೆ.

ಕಾಕಾ ಎದ್ದರು. “ಡ್ಯಾನಿಯಲ್, ಏಳು,” ಅಂದರು. ಹುಡುಗ ಏಳಲಿಲ್ಲ. ಮತ್ತೆ ಕರೆದರು. ಅವನು ಆಜಿಯ ಮುಂದಿದ್ದ ತಟ್ಟೆಗೆ ಕೈಹಾಕಿ ಒಂದು ಚಿಟಿಕೆ ಕೊಬ್ಬರಿ ಬಾಯಿಗೆ ಹಾಕಿಕೊಂಡ. ಕಾಕಾ ನನ್ನ ಪಕ್ಕದಲ್ಲೇ ಬಗ್ಗಿ ಚಪ್ಪಲಿ ಹುಡುಕಿದರು. ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದರು.

ಕಾಕಾ ಈಗಿಲ್ಲ. ಆಜಿ ಇಲ್ಲ, ಹಸಾಜಿಯೂ ಇಲ್ಲ. ಅದನ್ನು ಕಂಡವರಲ್ಲಿ ಉಳಿದವರು ನಾನು, ರಿಬ್ಕಾ, ಮತ್ತು ಸಕ್ಕರೆಯಿಲ್ಲದೆ ಅವಳ ಗಂಡನಾದ ಡ್ಯಾನಿಯಲ್.