ಭುಜ ಬೇಡದ ಕೋವಿ

ಹೊಸ ವರ್ಷದ ಮೊದಲ ಬೆಳಿಗ್ಗೆ ಡಚ್ಚರ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ನಮ್ಮ ಬೀದಿಯಲ್ಲಿ ಮದ್ದಿನ ವಾಸನೆ ತುಂಬಿರುತ್ತದೆ. ಸುಟ್ಟ ಪಟಾಕಿಯ ಕೆಂಪು ಕಾಗದ ಇಬ್ಬನಿಗೆ ನೆನೆದು ಸೈಕಲ್ ಹಾದಿಗೆ ಅಂಟಿಕೊಂಡಿರುತ್ತದೆ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನೂ ಮುಖ ತಿರುಗಿಸಿಯೇ ಹಿಡಿಯುತ್ತಿದ್ದ ಮೈಸೂರಿನವನು ನಾನು. ಈ ವಾಸನೆ ಬಂದರೆ ಕಿಟಕಿ ಮುಚ್ಚುವವನು. ಈ ಸಲ ಮುಚ್ಚಲಿಲ್ಲ. ಯಾಕೆಂದು ಹೇಳಬೇಕಾದರೆ ಬೊಳ್ಳಮ್ಮ ಆಂಟಿಯ ವಿಷಯ ಹೇಳಬೇಕು.

ಯುಟ್ರೆಕ್ಟಿನ ನಮ್ಮ ಆಫೀಸಿನಲ್ಲಿ ಜತೆಗೆ ಕೆಲಸ ಮಾಡುವ ದೇಚಮ್ಮನ ತಾಯಿ ಅವರು. ವಿರಾಜಪೇಟೆಯ ಕಡೆಯವರು. ವರ್ಷಕ್ಕೊಮ್ಮೆ ಮಗಳ ಮನೆಗೆ ಬಂದು ಕೆಲವು ವಾರ ಇದ್ದು ಹೋಗುತ್ತಿದ್ದರು. ದೇಚಮ್ಮನ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇದ್ದುದರಿಂದ, ಒಂಟಿಯಾಗಿದ್ದ ನನಗೆ ಅಲ್ಲಿ ಊಟ ಸಿಗುತ್ತಿತ್ತು. ಊಟದ ಜತೆ ಕೋವಿಯ ಕಥೆಗಳೂ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಎಂಬ ಹಬ್ಬವಿದೆ. ಅಂದು ಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಆಂಟಿ ಮದುವೆಗೆ ಮುಂಚಿನಿಂದಲೂ ಆ ಸಾಲಿನಲ್ಲಿ ನಿಂತವರು. ಕಾಯಿ ಒಡೆದ ವರ್ಷಗಳನ್ನು ಅವರು ಮಕ್ಕಳ ಹುಟ್ಟುಹಬ್ಬದಂತೆ ನೆನಪಿಟ್ಟುಕೊಂಡಿದ್ದರು.

ಹಾಗಿರುವಾಗ ಒಂದು ಸಲ, ಈ ದೇಶಕ್ಕೆ ಬಂದು ಸೈಕಲ್ ಹೊಡೆಯದೆ ಹೋಗಬಾರದೆಂದು ಹಟ ಹಿಡಿದು, ಟ್ರ್ಯಾಮ್ ಹಳಿಗೆ ಚಕ್ರ ಸಿಕ್ಕಿಸಿಕೊಂಡು ಬಿದ್ದರು. ಬಲಭುಜದೊಳಗೆ ಲೋಹದ ಪಟ್ಟಿ ಕೂಡಿಸಿದರು. ಗುಂಡು ಹಾರಿದಾಗ ಕೋವಿಯ ಬುಡ ಒದೆಯುವುದು ಅದೇ ಭುಜಕ್ಕೆ. ಇನ್ನು ಮೇಲೆ ಕೋವಿಯನ್ನು ಮರೆತುಬಿಡಿ ಎಂದರು ಡಾಕ್ಟರು. ಆಂಟಿ ಮರೆತದ್ದು ಡಾಕ್ಟರನ್ನು.

ಮರುವರ್ಷ ಬಂದಾಗ, ಒಂದು ಶನಿವಾರ ಊಟಕ್ಕೆ ಕೂತಿದ್ದೆವು. ಆಂಟಿ ಫೋನನ್ನು ನನ್ನ ತಟ್ಟೆಯ ಪಕ್ಕಕ್ಕಿಟ್ಟರು.

“ನೋಡು ಮಗ, ಇದು ರಿವಾಲ್ವರ್. ಆದ್ರೆ ಇದಕ್ಕೆ ಹಾಕೋದು ನಮ್ಮ ಕೋವಿಗೆ ಹಾಕೋ ಥರದ ಚರೆ ತೋಟಾ, ಕಾಳಿನಂಥ ಸಣ್ಣ ಗುಂಡು ತುಂಬಿರೋದು. ಭುಜಕ್ಕೆ ಇಡೋದೇ ಬೇಡ, ಕೈ ಇದ್ರೆ ಸಾಕು.”

ಪರದೆಯಲ್ಲಿ ಯಾರೋ ಒಬ್ಬ ದಢೂತಿ ಮನುಷ್ಯ ಅಷ್ಟೇ ದಢೂತಿ ರಿವಾಲ್ವರಿನಿಂದ ಕುಂಬಳಕಾಯಿಯನ್ನು ಪುಡಿ ಮಾಡುತ್ತಿದ್ದ.

“ಅಮ್ಮ, ಅಷ್ಟು ಹತ್ರ ನಿಂತ್ರೆ ಕಲ್ಲಲ್ಲೇ ಹೊಡೀಬಹುದು,” ಎಂದಳು ದೇಚಮ್ಮ. “ಊರಿಗೆ ಹೇಗೆ ತಗೊಂಡು ಹೋಗ್ತೀಯ? ಲೈಸೆನ್ಸ್ ಯಾರು ಕೊಡ್ತಾರೆ?”

“ಅದು ಆಮೇಲಿನ ಮಾತು. ಕೆಲಸಕ್ಕೆ ಬರುತ್ತೋ ಇಲ್ವೋ ಅಂತ ಮೊದಲು ನೋಡ್ಬೇಕು. ನೀನೇನು ಹೇಳ್ತೀಯ ಮಗ?”

ಗೊತ್ತಿಲ್ಲದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ನನಗೆ ಬಹಳ ಸಲೀಸು. “ಪ್ರಾಕ್ಟಿಕಲ್ ಅನ್ಸುತ್ತೆ ಆಂಟಿ,” ಎಂದೆ. ದೇಚಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಪ್ರಾಕ್ಟಿಕಲ್ ಅಂದವನೇ ಅಂಥ ರಿವಾಲ್ವರ್ ಇರುವ ಕಡೆ ಹುಡುಕಿ ಕರೆದುಕೊಂಡು ಹೋಗಲಿ ಎಂದು ತೀರ್ಮಾನವಾಯಿತು.

ನಾಲ್ಕೈದು ಕಡೆ ವಿಚಾರಿಸಿದ ಮೇಲೆ, ಯುಟ್ರೆಕ್ಟ್ ಪಕ್ಕದ ನ್ಯೂವೆಗೈನಿನ ಗೋದಾಮುಗಳ ನಡುವೆ ಒಂದು ಶೂಟಿಂಗ್ ಕ್ಲಬ್ ಇದೆಯೆಂದೂ, ಅಲ್ಲಿ ಹೆಂಕ್ ಎಂಬ ಹಿರಿಯ ಸದಸ್ಯರ ಬಳಿ ಪರವಾನಗಿಯಿರುವ ಅಂಥದೇ ರಿವಾಲ್ವರ್ ಇದೆಯೆಂದೂ ತಿಳಿಯಿತು. ಅವರ ಕಣ್ಗಾವಲಿನಲ್ಲಿ ಅತಿಥಿಗಳು ಹಾರಿಸಬಹುದಿತ್ತು. ದಾರಿಯುದ್ದಕ್ಕೂ ಡಚ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಹೆಂಕ್ ನನ್ನ ಮೊದಲ ವಾಕ್ಯ ಪೂರ್ತಿ ಕೇಳಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅಲ್ಲಿಂದಾಚೆಗೆ ಅವರಿಗೂ ಆಂಟಿಗೂ ನಡುವೆ ನನ್ನ ಅಗತ್ಯವೇ ಬೀಳಲಿಲ್ಲ.

ಆಂಟಿ ಕೈಚೀಲದಿಂದ ಕಂದು ಕಾಗದದ ಒಂದು ದುಂಡು ತೆಗೆದರು. ನಿಜವಾದ ತೆಂಗಿನಕಾಯಿಯ ಅಳತೆಗೆ ಕತ್ತರಿಸಿದ್ದು. ಅದನ್ನು ಗುರಿಹಲಗೆಗೆ ಅಂಟಿಸಿದರು. ಹೆಂಕ್ ಒಂದೇ ತೋಟಾ ತುಂಬಿ ರಿವಾಲ್ವರನ್ನು ಅವರ ಎರಡೂ ಕೈಗೆ ಕೊಟ್ಟರು. ಅದರ ಭಾರಕ್ಕೆ ಆಂಟಿಯ ಮಣಿಕಟ್ಟು ಬಾಗಿತು. ಅವರು ಅದನ್ನು ನಿಧಾನವಾಗಿ ಎತ್ತಿ, ಉಸಿರು ಹಿಡಿದು, ಟ್ರಿಗರ್ ಎಳೆದರು.

ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ನಾನು ಗೋಡೆಗೆ ಒರಗಿದೆ. ರಿವಾಲ್ವರಿನ ಮೂತಿ ಚಾವಣಿಯ ಕಡೆ ಎದ್ದಿತ್ತು. ಆಂಟಿ ಕೈ ಬಿಟ್ಟಿರಲಿಲ್ಲ. ತಂತಿಯ ಮೇಲೆ ಸರಿಯುವ ಹಲಗೆ ಹತ್ತಿರ ಬಂದಾಗ ನೋಡಿದರೆ ಚರೆಗಳು ಎಲ್ಲೆಡೆ ಚೆಲ್ಲಿದ್ದವು, ಕಾಯಿಯೊಳಗೆ ಮಾತ್ರ ಒಂದೆರಡು.

“ಇನ್ನೊಂದು,” ಎಂದರು ಆಂಟಿ.

ಹಲಗೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇನ್ನೊಂದು, ಮತ್ತೂ ಹಿಂದಕ್ಕೆ ಸರಿಸಿ ಮತ್ತೊಂದು. ಕೊನೆಗೆ ಕಾಗದದ ಕಾಯಿಗೆ ಒಂದು ಚರೆಯೂ ತಾಗಲಿಲ್ಲ. ನಳಿಗೆ ತೀರಾ ಗಿಡ್ಡ, ಅದರೊಳಗಿನ ಸುರುಳಿ ಗೀರುಗಳು ಒಂಟಿ ಗುಂಡಿಗೆ ಒಳ್ಳೆಯವು, ಚರೆಯನ್ನು ಮಾತ್ರ ತಿರುಗಿಸಿ ಚದುರಿಸುತ್ತವೆ ಎಂದು ಹೆಂಕ್ ವಿವರಿಸಿದರು. “ಆಸೆಪಟ್ಟು ತಗೊಂಡೆ. ವರ್ಷಕ್ಕೊಂದು ಸಲ ಹೊರಗೆ ತೆಗೀತೀನಿ,” ಎಂದು ನಕ್ಕರು.

ಆಂಟಿ ಊದಿಕೊಂಡ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ ರಿವಾಲ್ವರನ್ನು ಇನ್ನೊಮ್ಮೆ ನೋಡಿದರು. “ಕೈಯಲ್ಲಿ ಹಿಡಿಯೋಕೆ ದೊಡ್ಡದು, ದೂರ ಹೊಡೆಯೋಕೆ ಚಿಕ್ಕದು. ಇದು ಕೋವಿನೂ ಅಲ್ಲ, ಪಿಸ್ತೂಲೂ ಅಲ್ಲ ಮಗ.”

ವಾಪಸು ಬರುವಾಗ ಅವರು ಕಾರಿನಲ್ಲಿ ಕೊಡೆಯನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಹೇಗಾದರೂ ಸಮಾಧಾನ ಹೇಳಬೇಕೆಂದು, ಈ ವಯಸ್ಸಿನಲ್ಲಿ ಹಬ್ಬ ನೋಡುವುದೂ ಒಂದು ಸಂತೋಷವೇ ಅಲ್ಲವೇ ಎಂದೇನೋ ಶುರುಮಾಡಿದೆ. ಅವರಿಗೆ ಕೇಳಿಸಲಿಲ್ಲ. ಕೆಂಪು ದೀಪಕ್ಕೆ ಕಾರು ನಿಂತಾಗ ನೋಡುತ್ತೇನೆ, ಆಂಟಿ ಕೊಡೆಯನ್ನು ಎಡಭುಜಕ್ಕೆ ಒತ್ತಿ, ಬಲಗಣ್ಣು ಮುಚ್ಚಿ, ಎದುರಿನ ಬಸ್ಸಿಗೆ ಗುರಿಯಿಟ್ಟಿದ್ದರು.

“ಈ ಭುಜಕ್ಕೇನಾಗಿದೆ?” ಎಂದರು.

ಉಳಿದ ವಾರಗಳೆಲ್ಲ ಅದೇ ಕೆಲಸ. ಅಭ್ಯಾಸವಿಲ್ಲದ ಕಣ್ಣು, ಅಭ್ಯಾಸವಿಲ್ಲದ ಬೆರಳು. ಅನ್ನದ ಕೈ ಬದಲಾಯಿಸಿದಷ್ಟು ಕಷ್ಟ. ಮಾತಾಡುತ್ತಾ ಮಾತಾಡುತ್ತಾ ಕೊಡೆ ತಾನಾಗಿ ಬಲಕ್ಕೆ ಹೋಗುತ್ತಿತ್ತು, ಅವರು ಅದನ್ನು ಬೈದು ಎಡಕ್ಕೆ ತರುತ್ತಿದ್ದರು. ಮೊದಮೊದಲು ಸಿಡಿಮಿಡಿಗೊಂಡ ದೇಚಮ್ಮ ಆಮೇಲೆ ತಾನೇ ಹಿಂದೆ ನಿಂತು ತಾಯಿಯ ಮೊಣಕೈ ಎತ್ತಿ ಸರಿಪಡಿಸತೊಡಗಿದಳು.

ಆ ವರ್ಷದ ಹಬ್ಬದಲ್ಲಿ ಗುರಿ ತಪ್ಪಿತು. ಕಾಯಿಯನ್ನು ಸ್ವಲ್ಪ ಹತ್ತಿರ ಕಟ್ಟಿಸೋಣ ಎಂದರಂತೆ ಊರಿನವರು. “ನನ್ನ ಗುರಿ ಸರಿಯಿಲ್ಲ, ಕಾಯಿ ಸರಿಯಾಗೇ ಇದೆ,” ಎಂದು ಇವರು ಹೇಳಿ ಬಂದರಂತೆ. ಮುಂದಿನ ವರ್ಷ ದೇಚಮ್ಮ ಊರಿನಿಂದ ಕಳಿಸಿದ ವಿಡಿಯೋವನ್ನು ನಾನು ಆಫೀಸಿನ ಕಾಫಿ ಯಂತ್ರದ ಮುಂದೆ ನಿಂತು ನೋಡಿದೆ. ಸೀರೆಯ ಸೆರಗು ಬಿಗಿದ ಹೆಂಗಸೊಬ್ಬರು ಎಡಭುಜಕ್ಕೆ ಕೋವಿಯೇರಿಸಿ ಬಹಳ ಹೊತ್ತು ಅಲುಗಾಡದೆ ನಿಂತರು. ಮರದ ಮೇಲಿನ ಕಾಯಿ ಒಡೆದು ನೀರು ಸುರಿಯಿತು. ನನ್ನ ಕಾಫಿಯೂ ಲೋಟದಿಂದಾಚೆ ಸುರಿಯಿತು.

ಈ ಬೆಳಿಗ್ಗೆ, ತೆರೆದ ಕಿಟಕಿಯ ಬಳಿ ನಿಂತೇ ಅವರಿಗೆ ಫೋನ್ ಮಾಡಿದೆ. ಹೊಸ ವರ್ಷದ ಶುಭಾಶಯ ಹೇಳಿ, ಹೇಗಿದ್ದೀರಿ ಎಂದೆ.

“ಬಲಗಣ್ಣಿಗೆ ಪೊರೆ ಬಂದಿದೆಯಂತೆ ಮಗ. ನಿಧಾನಕ್ಕೆ ಆಪರೇಷನ್ ಮಾಡಿಸಿದ್ರಾಯ್ತು. ಈಗ ಅದಕ್ಕೇನು ಅಂಥ ಕೆಲಸ ಇಲ್ಲ.”

ಫೋನ್ ಇಟ್ಟೆ. ಕೆಳಗೆ ಬೀದಿಯಲ್ಲಿ ನೆರೆಹೊರೆಯವರು ಪಟಾಕಿಯ ಕಸ ಗುಡಿಸುತ್ತಿದ್ದರು. ಇಷ್ಟು ವರ್ಷ ಅದನ್ನು ಗಾಜಿನ ಹಿಂದಿನಿಂದ ನೋಡಿದವನು ಕೋಟು ಹಾಕಿಕೊಂಡು ಇಳಿದು ಹೋಗಿ, ಒಂದು ಪೊರಕೆ ಕೇಳಿ ಈಸಿಕೊಂಡೆ.